ನಿಮಗಿದು ಗೊತ್ತೇ? ಈಜುವಾಗ ಮೊದಲು ಸೋಲುವುದು ರಟ್ಟೆಯಲ್ಲ, ಉಸಿರು

● ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರೊಳಗೆ ವೇಗವನ್ನು ಇಮ್ಮಡಿ ಮಾಡಹೊರಟರೆ ನೀರಿನ ತಡೆ ನಾಲ್ಕು ಪಟ್ಟಾಗುತ್ತದೆ, ಸುರಿಯಬೇಕಾದ ಶಕ್ತಿ ಎಂಟು ಪಟ್ಟಿನ ಹತ್ತಿರ ಹೋಗುತ್ತದೆ. ಜಿಮ್‌ನಲ್ಲಿ ಭಾರ ಎತ್ತಿ ಪಳಗಿದವರೂ ಈಜುಕೊಳದ ಅಂಚು ಹಿಡಿದು ಏದುಸಿರು ಬಿಡುವುದು ಇದಕ್ಕೇ. ಮೂವತ್ತು, ನಲವತ್ತು ದಾಟಿದ ಮೇಲೆ ಈಜು ಕಲಿತವರು ಬಲ ಹೆಚ್ಚಿಸಿಕೊಳ್ಳುವ ಮೊದಲು ತಡೆ ತಗ್ಗಿಸಿಕೊಳ್ಳುವುದು ಲಾಭ.

● "ದಮ್ಮು ಸಾಲ್ತಿಲ್ಲ ಸಾರ್" ಎಂಬುದು ಕೋಚ್‌ಗಳು ದಿನಾ ಕೇಳುವ ದೂರು. ಉಸಿರು ಎಳೆಯಲೇಬೇಕು ಎಂಬ ಚಡಪಡಿಕೆ ಹುಟ್ಟುವುದು ಮುಖ್ಯವಾಗಿ ಆಮ್ಲಜನಕ ಖಾಲಿಯಾಗಿ ಅಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ. ಹೊಸಬರು ಮುಖ ನೀರಿಗಿಟ್ಟೊಡನೆ ಉಸಿರು ಬಿಗಿಹಿಡಿಯುತ್ತಾರೆ. ಬಾಯಿ ಹೊರಬಂದ ಅರೆಕ್ಷಣದಲ್ಲಿ ಹಳೆಯದನ್ನು ಬಿಡಬೇಕು, ಹೊಸದನ್ನು ಎಳೆಯಬೇಕು, ಎರಡೂ ಅರೆಬರೆ. ಹೀಗೆ ನಾಲ್ಕು ಸಲವಾದರೆ ಎದೆ ಕಟ್ಟುತ್ತದೆ. ಮುಖ ನೀರಲ್ಲಿರುವಷ್ಟು ಹೊತ್ತೂ ಮೂಗು, ಬಾಯಿಯಿಂದ ಗುಳ್ಳೆ ಹೋಗುತ್ತಿರಬೇಕು. ಅಂಚು ಹಿಡಿದು ನಿಂತು, ಮುಖ ಮುಳುಗಿಸಿ ಗುಳ್ಳೆ ಬಿಟ್ಟು, ಬದಿಗೆ ಹೊರಳಿಸಿ ಉಸಿರೆಳೆಯುವ ಅಭ್ಯಾಸ ನೋಡಲು ಮಕ್ಕಳಾಟ. ದೊಡ್ಡವರು ನಾಚಿಕೊಂಡು ಬಿಟ್ಟುಬಿಡುವುದೂ ಅದನ್ನೇ.

● ಹಾಗಂತ ದಮ್ಮು ಬೆಳೆಸಲು ಗಬಗಬನೆ ಹತ್ತಾರು ಬಾರಿ ಉಸಿರಾಡಿ ನೀರಡಿ ಮುಳುಗುವ ಸಾಹಸ ಬೇಡವೇ ಬೇಡ. ಅದರಿಂದ ಆಮ್ಲಜನಕ ಹೆಚ್ಚು ಸಂಗ್ರಹವಾಗುವುದಿಲ್ಲ. ಡೈಆಕ್ಸೈಡ್ ಮಾತ್ರ ಇಳಿದು, ಎಚ್ಚರಿಸಬೇಕಾದ ಗಂಟೆಯೇ ಬಾರಿಸುವುದಿಲ್ಲ. ಪಳಗಿದ ಈಜುಗಾರರೂ ಹೀಗೆ ನೀರಡಿಯಲ್ಲಿ ಪ್ರಜ್ಞೆ ತಪ್ಪಿ ಸತ್ತಿದ್ದಾರೆ.

● ತಲೆ ಎತ್ತಿದರೆ ಕಾಲು ಮುಳುಗುತ್ತದೆ. ದೇಹ ಓರೆಯಾಗಿ, ಎದೆಯೇ ನೀರಿಗೆ ಅಡ್ಡಗೋಡೆಯಾಗುತ್ತದೆ. ಫ್ರೀಸ್ಟೈಲ್‌ನಲ್ಲಿ ಕಣ್ಣು ಕೊಳದ ತಳ ನೋಡಬೇಕು. ಉಸಿರೆಳೆಯುವಾಗ ಗಾಗಲ್ಸ್‌ನ ಒಂದು ಗಾಜು ನೀರಲ್ಲೇ ಉಳಿದಿದ್ದರೆ ತಲೆ ಸರಿಯಾಗಿ ಹೊರಳಿದೆ ಎಂದರ್ಥ.

● ಬಟ್ಟೆಯಿಂದಲೂ ವೇಗ ಬರುತ್ತದೆಯೇ? 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದೇ ಕೂಟದಲ್ಲಿ 43 ವಿಶ್ವದಾಖಲೆಗಳು ಬಿದ್ದವು. ದೇಹವನ್ನು ಬಿಗಿದು, ನೀರಿನ ಮೇಲೆ ತೇಲಿಸುತ್ತಿದ್ದ ಪಾಲಿಯುರಿಥೇನ್ ಉಡುಪಿನದೇ ದೊಡ್ಡ ಪಾಲು. 2010ರ ಜನವರಿ 1ರಿಂದ ಅವಕ್ಕೆ ನಿಷೇಧ. ನಮ್ಮ ಸಮಸ್ಯೆ ಇದರ ತದ್ವಿರುದ್ಧ: ಜೇಬಿರುವ ಬರ್ಮುಡಾ ತುಂಬ ನೀರು ತುಂಬಿಕೊಂಡು ಎಳೆದಾಡುವುದು.

● ಗೋಡೆ ಒದ್ದು ಹೊರಟ ಕ್ಷಣದಷ್ಟು ವೇಗ ಆಮೇಲೆ ಕೈ ಬೀಸಿದರೂ ಬರುವುದಿಲ್ಲ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡೇವಿಡ್ ಬರ್ಕಾಫ್, ಜಪಾನಿನ ಡೈಚಿ ಸುಜುಕಿ ಬ್ಯಾಕ್‌ಸ್ಟ್ರೋಕ್ ಸ್ಪರ್ಧೆಯ ದೊಡ್ಡ ಭಾಗವನ್ನು ನೀರಡಿಯಲ್ಲೇ ಈಜಿದರು, ಚಿನ್ನ ಸುಜುಕಿಗೆ. ನಂತರ ನಿಯಮ ಬಂತು. ಈಗ 15 ಮೀಟರ್ ಒಳಗೆ ತಲೆ ಮೇಲೆ ಬರಲೇಬೇಕು. ನಮಗೆ ಅಷ್ಟು ಬೇಡ. ಕೈಗಳನ್ನು ಕಿವಿಗೆ ಒತ್ತಿ ನೀಳವಾಗಿ ಚಾಚಿ ಐದು ಮೀಟರ್ ಜಾರಿದರೂ 25 ಮೀಟರ್ ಕೊಳದ ಐದನೇ ಒಂದು ಭಾಗ ಪುಕ್ಕಟೆ!

● ಫ್ರೀಸ್ಟೈಲ್‌ನಲ್ಲಿ ದೇಹವನ್ನು ಮುಂದೆ ಒಯ್ಯುವುದು ಬಹುಪಾಲು ಕೈಗಳು. ತೊಡೆಯ ಸ್ನಾಯುಗಳು ದೊಡ್ಡವು, ಆಮ್ಲಜನಕ ನುಂಗುವುದರಲ್ಲೂ ದೊಡ್ಡವು. ಅದಕ್ಕೇ ದೂರದ ಈಜುಗಾರರಲ್ಲಿ ಹಲವರು ಎರಡು ಕೈಬೀಸಿಗೆ ಎರಡೇ ಒದೆತ ಒದೆಯುತ್ತಾರೆ. 50 ಮೀಟರ್‌ನ ವೇಗಿಗಳು ಆರು. ಹೊಸಬರು ಲೆಕ್ಕವೇ ಇಲ್ಲದೆ ಒದ್ದು ಅರ್ಧ ಕೊಳದಲ್ಲೇ ಬಸವಳಿಯುತ್ತಾರೆ.

● 1875ರಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿದ ಮ್ಯಾಥ್ಯೂ ವೆಬ್‌ಗೆ ಹಿಡಿದದ್ದು 21 ಗಂಟೆ 45 ನಿಮಿಷ, ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ. 1926ರಲ್ಲಿ ಗರ್ಟ್ರೂಡ್ ಎಡರ್ಲಿ ಕ್ರಾಲ್ ಈಜಿ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ ದಾಟಿದರು. ಅಲ್ಲಿವರೆಗೆ ದಾಟಿದ್ದ ಗಂಡಸರೆಲ್ಲರಿಗಿಂತ ಬೇಗ. ಆದರೂ ಕಲಿಕೆಯ ದಿನಗಳಲ್ಲಿ ಫ್ರೀಸ್ಟೈಲ್ ನಡುವೆ ಒಂದು ಸುತ್ತು ಬ್ರೆಸ್ಟ್‌ಸ್ಟ್ರೋಕ್ ಹಾಕಿ ಸುಧಾರಿಸಿಕೊಳ್ಳುವುದರಲ್ಲಿ ಅವಮಾನವೇನಿಲ್ಲ.

● ಗಡಿಯಾರಕ್ಕಿಂತ ಮೊದಲು ಕೈ ಎಣಿಸಿ. 25 ಮೀಟರಿಗೆ 28 ಕೈ ಹಾಕುತ್ತಿದ್ದವರು ಅದೇ ಸಮಯದಲ್ಲಿ 24ಕ್ಕೆ ಮುಟ್ಟಿದರೆ, ಒಂದೊಂದು ಕೈಗೂ ಹೆಚ್ಚು ದೂರ ಸಿಗುತ್ತಿದೆ. ಸಮಯ ಇಳಿಯದಿದ್ದರೂ ಅದು ಪ್ರಗತಿಯೇ.

● ಒಂದೇ ಸಮನೆ 200 ಮೀಟರ್ ಈಜಲು ಒದ್ದಾಡುವುದಕ್ಕಿಂತ, 30 ಸೆಕೆಂಡ್ ಬಿಡುವು ಕೊಟ್ಟು 25 ಮೀಟರನ್ನು ಎಂಟು ಸಲ ಈಜುವುದು ಮೇಲು. ದೂರ ಅಷ್ಟೇ, ಭಂಗಿ ಕೆಡುವುದಿಲ್ಲ. ದಿನ ಕಳೆದಂತೆ ಬಿಡುವನ್ನು 20, 15 ಸೆಕೆಂಡಿಗೆ ಇಳಿಸಿ. ತಾಳಿಕೆ ತಾನಾಗಿ ಏರುತ್ತದೆ. ಭಾನುವಾರ ಎರಡು ಗಂಟೆ ಬಿದ್ದುಕೊಂಡು ಈಜುವುದಕ್ಕಿಂತ ವಾರಕ್ಕೆ ಮೂರು ದಿನ ಅರ್ಧರ್ಧ ಗಂಟೆ ಎಷ್ಟೋ ವಾಸಿ.

● ದೀರ್ಘಕಾಲ ಕಾಯ್ದುಕೊಳ್ಳಬಲ್ಲ ವೇಗ ತಿಳಿಯಲು ಪ್ರಯೋಗಾಲಯ ಬೇಕಿಲ್ಲ. 400 ಮೀಟರ್ ಶಕ್ತಿಮೀರಿ ಈಜಿದ ಸಮಯದಿಂದ 200 ಮೀಟರ್‌ನ ಸಮಯ ಕಳೆದು ಅರ್ಧ ಮಾಡಿ. 10 ನಿಮಿಷ, 4 ನಿಮಿಷ 40 ಸೆಕೆಂಡ್ ಆದರೆ ವ್ಯತ್ಯಾಸ 5 ನಿಮಿಷ 20 ಸೆಕೆಂಡ್; 100 ಮೀಟರಿಗೆ 2 ನಿಮಿಷ 40 ಸೆಕೆಂಡ್. 100ರ ಸುತ್ತುಗಳನ್ನು ಈ ಲಯದಲ್ಲೇ ಹಾಕಿ.

● ಜಪಾನಿನ ಮೀಯೆಕೊ ನಾಗಾವೊಕಾ ಈಜಿಗಿಳಿದದ್ದೇ ಎಂಬತ್ತು ಮುಟ್ಟಿದ ಮೇಲೆ, ಮೊಣಕಾಲ ನೋವಿಗೆಂದು. 2015ರಲ್ಲಿ, 100ನೇ ವಯಸ್ಸಿನಲ್ಲಿ, 1500 ಮೀಟರ್ ಪೂರೈಸಿದರು. ಅದೂ ಪೂರಾ ಅಂಗಾತ ಈಜಿ: 1 ಗಂಟೆ 15 ನಿಮಿಷ 54 ಸೆಕೆಂಡ್.

● ನೀರಲ್ಲಿ ಎದೆಬಡಿತ ನೆಲದ ಮೇಲಿನದಕ್ಕಿಂತ ನಿಮಿಷಕ್ಕೆ ಹತ್ತರಷ್ಟು ಕಡಿಮೆ ತೋರಬಹುದು. ಓಟದ ಲೆಕ್ಕ ಇಲ್ಲಿಗೆ ಹೊಂದದು. ಕೊಳದಲ್ಲೂ ಬೆವರುತ್ತೇವೆ, ಬಾಟಲಿ ಅಂಚಲ್ಲಿರಲಿ. ತಣ್ಣೀರಲ್ಲಿ ಈಜಿದ ಮೇಲೆ ಹಸಿವು ಜಾಸ್ತಿ. ತೂಕ ಇಳಿಸಲು ಬಂದವರು ಗೇಟಿನಾಚೆಯ ದರ್ಶಿನಿಯನ್ನು ನಿಲ್ಲದೆ ದಾಟಿ ಹೋದರೆ ಒಳ್ಳೆಯದು.