ನೆರಳನ್ನು ಬೆನ್ನಟ್ಟಿದ ಹುಡುಗ

ಮಕ್ಕಳಿಗೆ ಭಯದ ಕಥೆಗಳನ್ನು ಓದಗೊಡಬಹುದೇ ಎಂಬ ಪ್ರಶ್ನೆಯು ಅನೇಕ ಮನೆಗಳಲ್ಲಿ ಏಳುವುದುಂಟು. ಹದಿಮೂರು ಹದಿನಾಲ್ಕರ ವಯಸ್ಸಿನವರು ಮಂತ್ರವಾದಿಗಳೂ ಪ್ರೇತಗಳೂ ತುಂಬಿದ ಸಾಹಸ ಕಥೆಯನ್ನು ಹಿಡಿದು ಕುಳಿತರೆ ಹಿರಿಯರಿಗೆ ಕಳವಳವಾಗುವುದು ಸಹಜವೇ. ಆದರೆ ಅಂತಹ ಕಥೆಗಳೆಲ್ಲವೂ ಒಂದೇ ಬಗೆಯವಲ್ಲ. ಅಮೇರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ (೧೯೨೯–೨೦೧೮) ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಎಂಬ ಕಾದಂಬರಿಯೇ ಇದಕ್ಕೆ ನಿದರ್ಶನ.

ಪ್ರಕಾಶಕರೊಬ್ಬರು ತರುಣರಿಗಾಗಿ ಕಥೆಯೊಂದನ್ನು ಬೇಡಿದುದರಿಂದ ಹುಟ್ಟಿದ ಈ ಗ್ರಂಥವು ೧೯೬೮ರಲ್ಲಿ ಪ್ರಕಟವಾಯಿತು. ಕಥೆಗಳಲ್ಲಿ ಬರುವ ಮಂತ್ರವಾದಿಗಳೆಲ್ಲ ಬಿಳಿಗಡ್ಡದ ವೃದ್ಧರು. ಅವರು ಹುಡುಗರಾಗಿದ್ದಾಗ ಆ ವಿದ್ಯೆಯನ್ನು ಕಲಿತುದು ಹೇಗೆ? ಈ ಯೋಚನೆಯೇ ಕಥೆಗೆ ಬೀಜವಾಯಿತು.

ಅಸಂಖ್ಯ ದ್ವೀಪಗಳ ಒಂದು ಕಲ್ಪಿತ ನಾಡು. ಅಲ್ಲಿ ಪ್ರತಿಯೊಂದು ವಸ್ತುವಿಗೂ ನಿಜನಾಮವೊಂದುಂಟು. ಅದನ್ನು ಬಲ್ಲವನಿಗೆ ಆ ವಸ್ತುವು ವಶ. ಗಾಂಟ್ ದ್ವೀಪದ ಕಂಚುಗಾರನ ಮಗನಾದ ಗೆಡ್ ಎಂಬ ತಾಯಿಯಿಲ್ಲದ ಬಾಲಕನು ರೋಕ್ ದ್ವೀಪದ ಮಂತ್ರವಿದ್ಯಾಶಾಲೆಯನ್ನು ಸೇರುತ್ತಾನೆ. ಅವನ ಬುದ್ಧಿಯು ಎಷ್ಟು ತೀಕ್ಷ್ಣವೋ ಗರ್ವವೂ ಅಷ್ಟೇ ತೀಕ್ಷ್ಣ. ಸಹಪಾಠಿಯೊಬ್ಬನ ಮೂದಲಿಕೆಯನ್ನು ತಾಳಲಾರದೆ, ಸತ್ತವರ ಆತ್ಮವನ್ನು ಕರೆದು ತೋರಿಸುವೆನೆಂದು ಪಂತಕಟ್ಟುತ್ತಾನೆ. ಆ ರಾತ್ರಿ ಲೋಕವೇ ಬಿರಿದಂತಾಗಿ, ಹೆಸರಿಲ್ಲದ ಕಪ್ಪು ನೆರಳೊಂದು ಹೊರಬಿದ್ದು ಅವನ ಮುಖವನ್ನು ಸೀಳುತ್ತದೆ. ಆ ಬಿರುಕನ್ನು ಮುಚ್ಚುವುದಕ್ಕಾಗಿ ಶಾಲೆಯ ವೃದ್ಧ ಮಹಾಗುರುವು ತನ್ನ ಪ್ರಾಣವನ್ನೇ ತೆರಬೇಕಾಗುತ್ತದೆ.

ಮುಂದೆ ಗೆಡ್ ದ್ವೀಪದಿಂದ ದ್ವೀಪಕ್ಕೆ ಓಡುತ್ತಾನೆ. ಓಡಿದಷ್ಟೂ ನೆರಳಿನ ಬಲವು ಹೆಚ್ಚುತ್ತದೆ. ಕೊನೆಗೆ ಮೊದಲ ಗುರುವಾದ ಒಗಿಯನ್, ಓಟವನ್ನು ಬಿಟ್ಟು ತಿರುಗಿ ನಿಲ್ಲೆಂದು ಬುದ್ಧಿ ಹೇಳುತ್ತಾನೆ. ಅಲ್ಲಿಂದ ಬೇಟೆಗೆ ಗುರಿಯಾಗಿದ್ದವನೇ ಬೇಟೆಗಾರನಾಗುತ್ತಾನೆ. ಸ್ನೇಹಿತನೊಬ್ಬನೊಡನೆ ಪುಟ್ಟ ದೋಣಿಯಲ್ಲಿ ಕಡಲಿನ ಕೊನೆಯವರೆಗೂ ಹೋಗಿ ಆ ನೆರಳನ್ನು ಹೆಸರು ಹಿಡಿದು ಕರೆಯುತ್ತಾನೆ. ಆ ಹೆಸರನ್ನು ಇಲ್ಲಿ ಹೇಳಿ ಎಳೆಯ ವಾಚಕರ ಕುತೂಹಲವನ್ನು ಕೆಡಿಸಲಾರೆವು.

ಬಕಾಸುರನ ಕಥೆಯನ್ನು ಅಜ್ಜಿಯ ಮಗ್ಗುಲಲ್ಲಿ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಭಯವೇನೂ ಹೊಸದಲ್ಲ. ಆದರೆ ಅಲ್ಲಿಯ ರಾಕ್ಷಸನು ಊರ ಹೊರಗಿನವನು. ಈ ಕಥೆಯ ನೆರಳಾದರೋ ಹುಡುಗನ ಗರ್ವದಿಂದಲೇ ಎದ್ದು ಬಂದುದು. ಸಿಟ್ಟು, ಮತ್ಸರ, ಹಟಗಳು ತಲೆಯೆತ್ತುವ ವಯಸ್ಸಿನಲ್ಲಿ ಇದಕ್ಕಿಂತ ಹಿತವಾದ ಪಾಠವಾವುದು? ಒಬ್ಬನ ಅಹಂಕಾರಕ್ಕೆ ಇನ್ನೊಬ್ಬರು ದಂಡ ತೆರಬೇಕಾದೀತೆಂಬುದನ್ನು ನೂರು ಉಪದೇಶಗಳಿಗಿಂತ ಆ ವೃದ್ಧನ ಮರಣವು ಚೆನ್ನಾಗಿ ತಿಳಿಸುತ್ತದೆ.

ಆದುದರಿಂದ ಪುಸ್ತಕದಲ್ಲಿ ಕತ್ತಲೆಯುಂಟೆಂದು ಅದನ್ನು ಕಿತ್ತಿಡುವ ಮೊದಲು ತಂದೆತಾಯಿಗಳು ತಾವೇ ಒಮ್ಮೆ ಓದಿ ನೋಡಲಿ. ಕತ್ತಲೆಯಿಂದ ಹೊರಬರುವ ದಾರಿಯನ್ನೂ ಕಥೆಯು ತೋರಿಸುವುದಾದರೆ, ಮಕ್ಕಳೊಡನೆ ಕುಳಿತು ಓದಿ ಅದರ ವಿಚಾರವಾಗಿ ನಾಲ್ಕು ಮಾತನಾಡಲಿ. ಮಕ್ಕಳು ತಮ್ಮ ಅಂಜಿಕೆಗಳನ್ನು ಬಾಯಿಬಿಟ್ಟು ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯವು ದೊರೆಯಲಾರದು.