ನಾಳ ಇರುವ ಗ್ರಂಥಿ, ನಾಳ ಇಲ್ಲದ ಗ್ರಂಥಿ



ಒಮ್ಮೆ ಒಂದು ಸಂಘದ ಸಭೆಗೆ ನಾವು ಹೋಗಿದ್ದಾಗ ಒಬ್ಬ ಸದಸ್ಯೆಯ ಮೇಲೆ ದೂರು ಬಂತು. "ಮೊದಲು ಎಷ್ಟು ಚುರುಕಾಗಿದ್ದಳು! ಈಗ ಸಭೆಯಲ್ಲಿ ಕೂತಲ್ಲೇ ತೂಕಡಿಸ್ತಾಳೆ, ಕೆಲಸ ಅಂದ್ರೆ ಸೋಮಾರಿತನ" ಎಂದರು. ನಾವೂ ಹಾಗೇ ತಿಳಿದೆವು. ಕೆಲವು ತಿಂಗಳ ನಂತರ ಆಕೆಯ ರಕ್ತ ಪರೀಕ್ಷೆಯಾಯಿತು. ಅದು ಸೋಮಾರಿತನವಲ್ಲ, ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಕುತ್ತಿಗೆಯಲ್ಲಿರುವ ಗ್ರಂಥಿ ಕೆಟ್ಟರೆ ಕೈಕಾಲು ಯಾಕೆ ಸೋಲಬೇಕು? ಇದು ತಿಳಿಯಬೇಕಾದರೆ ಗ್ರಂಥಿಗಳಲ್ಲಿ ಎಷ್ಟು ವಿಧ ಎಂಬುದನ್ನು ತಿಳಿಯಬೇಕು.

ದೇಹಕ್ಕೆ ಬೇಕಾದ ರಸವನ್ನು ತಯಾರಿಸಿ ಹೊರಬಿಡುವ ಅಂಗವೇ ಗ್ರಂಥಿ. ಆ ರಸ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದರ ಮೇಲೆ ಮೂರು ವಿಧ.

1. ನಾಳ ಗ್ರಂಥಿಗಳು: ಕಾಲುವೆಯ ನೀರು ನೇರ ಗದ್ದೆಗೆ ಹೋಗುವಂತೆ ಇವುಗಳ ರಸ ನಾಳದ ಮೂಲಕ ಬೇಕಾದ ಜಾಗಕ್ಕೇ ಹೋಗುತ್ತದೆ. ಜೊಲ್ಲು, ಬೆವರು, ಕಣ್ಣೀರು, ಎದೆಹಾಲು ಬರುವುದು ಇವುಗಳಿಂದ. ರಚನೆಯಲ್ಲೂ ವ್ಯತ್ಯಾಸವಿದೆ. ಬೆವರಿನ ಗ್ರಂಥಿ ಸುರುಳಿ ಸುತ್ತಿದ ಒಂದೇ ಕೊಳವೆ. ಜೊಲ್ಲಿನ ಗ್ರಂಥಿ ಮತ್ತು ಸ್ತನದಲ್ಲಿ ನಾಳಗಳು ಕವಲೊಡೆದು, ತುದಿಯಲ್ಲಿ ದ್ರಾಕ್ಷಿ ಗೊಂಚಲಿನಂತೆ ಸಣ್ಣ ಚೀಲಗಳಿವೆ. ನಾಳ ಕಟ್ಟಿದರೆ ತೊಂದರೆ ಅಲ್ಲೇ ಕಾಣುತ್ತದೆ. ಬಾಣಂತಿಗೆ ಹಾಲು ಕಟ್ಟಿದಾಗ ಎದೆ ಗಟ್ಟಿಯಾಗಿ ನೋಯುವುದನ್ನು ನಾವೆಲ್ಲ ನೋಡಿದ್ದೇವೆ.

2. ನಿರ್ನಾಳ ಗ್ರಂಥಿಗಳು: ಇವುಗಳಿಗೆ ನಾಳವಿಲ್ಲ. ಇವು ಹಾರ್ಮೋನು ಎಂಬ ರಸವನ್ನು ರಕ್ತಕ್ಕೇ ಬಿಡುತ್ತವೆ. ರಕ್ತ ಅದನ್ನು ಮೈಯೆಲ್ಲಾ ಹೊತ್ತೊಯ್ಯುತ್ತದೆ. ಮಿದುಳಿನ ಕೆಳಗೆ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ, ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಥೈರಾಯ್ಡ್, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಈ ಗುಂಪಿನವು. ಅಂಡಾಶಯವೂ ಹಾರ್ಮೋನು ತಯಾರಿಸುತ್ತದೆ. ಇವು ಕೆಟ್ಟರೆ ತೊಂದರೆ ದೂರದಲ್ಲಿ ಕಾಣುತ್ತದೆ. ಅದಕ್ಕೇ ಆ ಸದಸ್ಯೆಯ ಕೈಕಾಲು ಸೋತದ್ದು.

3. ಮಿಶ್ರ ಗ್ರಂಥಿ: ಜಠರದ ಹಿಂದಿರುವ ಮೇದೋಜೀರಕ ಎರಡೂ ಕೆಲಸ ಮಾಡುತ್ತದೆ. ನಾಳದ ಮೂಲಕ ಜೀರ್ಣರಸವನ್ನು ಸಣ್ಣ ಕರುಳಿಗೆ ಕೊಡುತ್ತದೆ. ಇನ್ಸುಲಿನ್ನನ್ನು ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ ಕಡಿಮೆಯಾದರೆ ಅಥವಾ ಅದಕ್ಕೆ ದೇಹ ಸ್ಪಂದಿಸದಿದ್ದರೆ ಬರುವುದೇ ಸಕ್ಕರೆ ಕಾಯಿಲೆ.

ಈ ಗ್ರಂಥಿಗಳು ಒಂದಕ್ಕೊಂದು ನೆರವಾಗುತ್ತವೆ. ಮಗು ಮೊಲೆ ಚೀಪಿದ ಕೂಡಲೇ ತಾಯಿಯ ಪಿಟ್ಯುಟರಿಯಿಂದ ಹಾರ್ಮೋನು ರಕ್ತಕ್ಕೆ ಬರುತ್ತದೆ. ಒಂದು ಹಾಲು ತಯಾರಿಸುತ್ತದೆ, ಇನ್ನೊಂದು ಹಾಲನ್ನು ನಾಳಗಳಿಗೆ ಇಳಿಸುತ್ತದೆ. ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ ಎನ್ನುವುದು ಇದಕ್ಕೇ.

ನಾವು ಏನು ಮಾಡಬೇಕು?

* ಬಿಡದ ಆಯಾಸ, ಕಾರಣವಿಲ್ಲದೆ ತೂಕ ಏರುವುದು, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಮುಟ್ಟಿನಲ್ಲಿ ಏರುಪೇರು ಇದ್ದರೆ ವೈದ್ಯರಿಗೆ ತೋರಿಸಿ. ರಕ್ತಹೀನತೆಯಿಂದಲೂ ಆಯಾಸವಾಗುತ್ತದೆ. ಯಾವುದು ಎಂದು ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ.
* ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ.
* ಥೈರಾಯ್ಡಿಗೆ ಅಯೋಡಿನ್ ಬೇಕು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಗೆ ಇನ್ನೂ ಹೆಚ್ಚು. ಗರ್ಭಿಣಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಮಗುವಿನ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ಅಯೋಡಿನ್ ಉಪ್ಪನ್ನೇ ಕೊಳ್ಳಿ, ಮುಚ್ಚಳವಿರುವ ಡಬ್ಬಿಯಲ್ಲಿ ಒಲೆಯಿಂದ ದೂರ ಇಡಿ.
* ಥೈರಾಯ್ಡ್ ಮಾತ್ರೆ ಶುರುಮಾಡಿದ ಮೇಲೆ "ಈಗ ಆರಾಮ ಇದೆ" ಎಂದು ನೀವಾಗಿಯೇ ನಿಲ್ಲಿಸಬೇಡಿ.

ಆ ಸದಸ್ಯೆ ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಸಂಘದ ಲೆಕ್ಕದ ಪುಸ್ತಕ ಅವರ ಕೈಯಲ್ಲೇ ಇದೆ. ನಿಮ್ಮ ಸಂಘದಲ್ಲೂ ಯಾರಾದರೂ ಮಂಕಾಗಿ ಕೂತಿದ್ದರೆ ದಂಡ ಹಾಕುವ ಮೊದಲು, "ಯಾಕಮ್ಮಾ, ಮೈಗೆ ಹುಷಾರಿಲ್ವಾ?" ಎಂದು ಕೇಳಿ. ಆಸ್ಪತ್ರೆಗೆ ಒಬ್ಬಳನ್ನೇ ಕಳಿಸಬೇಡಿ, ಜೊತೆಗೆ ಒಬ್ಬರು ಹೋಗಿ.