ಹಳೆಯ ಹ್ಯಾಮ್ ರೇಡಿಯೊಗಳ ದುರಸ್ತಿ ವಿದ್ಯೆ

ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದ ನಾಗರಿಕರು, ಲಾಭದ ಉದ್ದೇಶವಿಲ್ಲದೆ, ತಮಗೆಂದು ಮೀಸಲಿಟ್ಟ ಕಂಪನಾಂಕಗಳಲ್ಲಿ ಪರಸ್ಪರ ಸಂಪರ್ಕಿಸುವ ವ್ಯವಸ್ಥೆಗೆ ಹವ್ಯಾಸಿ ರೇಡಿಯೊ ಅಥವಾ ಹ್ಯಾಮ್ ರೇಡಿಯೊ ಎಂದು ಹೆಸರು. ತನ್ನ ಪ್ರೇಷಕವನ್ನು, ಅಂದರೆ ಟ್ರಾನ್ಸ್‌ಮಿಟರನ್ನು, ತಾನೇ ಕಟ್ಟುವ, ಕೆಟ್ಟರೆ ಸರಿಪಡಿಸುವ, ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸುವ ಸ್ವಾತಂತ್ರ್ಯ ಹ್ಯಾಮ್‌ಗಳಿಗಿದೆ. ಈ ಸ್ವಾತಂತ್ರ್ಯ ಪೂರ್ತಿಯಾಗಿ ಸಾರ್ಥಕವಾಗುವುದು ಹಳೆಯ ಉಪಕರಣಗಳಲ್ಲಿಯೇ. ಏಕೆಂದರೆ ಅವುಗಳ ಪ್ರತಿಯೊಂದು ಬಿಡಿಭಾಗವೂ ಕಣ್ಣಿಗೆ ಕಾಣುತ್ತದೆ, ಸಾಮಾನ್ಯ ಸೋಲ್ಡರಿಂಗ್ ಐರನ್‌ನಿಂದ ಬಿಚ್ಚಿ ಬದಲಿಸಲು ಬರುತ್ತದೆ.

ಕರ್ನಾಟಕದಲ್ಲಿ ಈ ವಿದ್ಯೆಗೆ ಗಟ್ಟಿಯಾದ ಹಿನ್ನೆಲೆಯಿದೆ. 1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅವರು 30 ವ್ಯಾಟ್‌ನ ಪ್ರೇಷಕದಿಂದ ತಮ್ಮ ಮನೆಯಲ್ಲಿಯೇ ಪ್ರಸಾರ ಆರಂಭಿಸಿದರು; ಮುಂದೆ ದೇಶದ ಬಾನುಲಿಗೇ ಹೆಸರಾದ ‘ಆಕಾಶವಾಣಿ’ ಎಂಬುದು ಆ ಪುಟ್ಟ ನಿಲಯದ ಹೆಸರು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದ ಆರಂಭದಲ್ಲಿ ರೇಡಿಯೊ ವಾಲ್ವ್‌ಗಳನ್ನು ತಯಾರಿಸತೊಡಗಿತು. 1959ರಲ್ಲಿ ಹುಟ್ಟಿದ ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ಇಂದಿಗೂ ಇದೆ. ವಿದೇಶಿ ಸೆಟ್‌ಗಳು ದುಬಾರಿಯಾಗಿದ್ದ ಆ ಕಾಲದಲ್ಲಿ ಎರಡನೆಯ ಮಹಾಯುದ್ಧದ ನಂತರ ಸೇನೆ ವಿಲೇವಾರಿ ಮಾಡಿದ ರೇಡಿಯೊಗಳೇ ಅನೇಕ ಹ್ಯಾಮ್‌ಗಳಿಗೆ ಆಧಾರವಾಗಿದ್ದವು. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಿದ್ದವು.

ಬಹುಕಾಲ ಮೂಲೆಯಲ್ಲಿದ್ದ ವಾಲ್ವ್ ಸೆಟ್ಟನ್ನು ನೇರವಾಗಿ ವಿದ್ಯುತ್ತಿಗೆ ಜೋಡಿಸುವುದು ದೊಡ್ಡ ತಪ್ಪು. ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಫಿಲ್ಟರ್ ಕಂಡೆನ್ಸರ್‌ನ ಒಳಗೆ ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳುವಾದ ಆಕ್ಸೈಡ್ ಪದರವಿರುತ್ತದೆ. ಬಳಕೆಯಿಲ್ಲದೆ ಅದು ಕ್ಷೀಣಿಸಿದಾಗ, ಒಮ್ಮೆಲೇ ಪೂರ್ಣ ವೋಲ್ಟೇಜ್ ಹರಿಸಿದರೆ ಕಂಡೆನ್ಸರ್ ಸಿಡಿದು ಟ್ರಾನ್ಸ್‌ಫಾರ್ಮರ್ ಕೂಡ ಸುಟ್ಟುಹೋಗಬಹುದು. ಆದ್ದರಿಂದ ಅನುಭವಿಗಳು ಹಳೆಯ ಮಾದರಿಯ 60 ವ್ಯಾಟ್ ಬಲ್ಬನ್ನು ಸೆಟ್ಟಿನೊಂದಿಗೆ ಸೀರೀಸ್‌ನಲ್ಲಿ ಜೋಡಿಸುತ್ತಾರೆ: ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಮುಂದುವರಿಯಬಹುದು, ಪ್ರಖರವಾಗಿಯೇ ಉರಿಯುತ್ತಿದ್ದರೆ ಒಳಗೆಲ್ಲೋ ಶಾರ್ಟ್ ಆಗಿದೆ ಎಂದು ತಿಳಿದು ಸ್ವಿಚ್ ಆರಿಸಬೇಕು. ಒಂದು ವಾಲ್ವ್‌ನಿಂದ ಇನ್ನೊಂದಕ್ಕೆ ಧ್ವನಿಯ ಸಂಕೇತವನ್ನು ದಾಟಿಸುವ ಕಾಗದದ ಕಂಡೆನ್ಸರ್‌ಗಳನ್ನಂತೂ ಪರೀಕ್ಷಿಸುವ ಮೊದಲೇ ಬದಲಿಸುವುದು ಲೇಸು. ಅವು ಸೋರಿದರೆ ಮುಂದಿನ ವಾಲ್ವ್ ಮಿತಿಮೀರಿ ಕಾದು ಹಾಳಾಗುತ್ತದೆ. ಪ್ರೇಷಕಗಳಲ್ಲಿ 600 ವೋಲ್ಟ್‌ಗೂ ಮಿಗಿಲಾದ ವಿದ್ಯುತ್ ಸಾಮಾನ್ಯ, ಸ್ವಿಚ್ ಆರಿಸಿದ ಮೇಲೂ ಅದು ಕಂಡೆನ್ಸರ್‌ಗಳಲ್ಲಿ ಉಳಿದಿರಬಹುದಾದ್ದರಿಂದ ಅದನ್ನು ಹರಿಸಿಬಿಡದೆ ಒಳಗೆ ಕೈಯಿಡುವುದು ಜೀವಕ್ಕೆ ಅಪಾಯ.

ಮಾರ್ಪಾಡಿನ ವಿಷಯದಲ್ಲಿ ವಿವೇಚನೆ ಬೇಕು. ಹಳೆಯ ಗ್ರಾಹಕಗಳು, ಅಂದರೆ ರಿಸೀವರ್‌ಗಳು, ಸಾಮಾನ್ಯವಾಗಿ ಎ.ಎಂ. ಪ್ರಸಾರಕ್ಕಾಗಿ ರೂಪುಗೊಂಡವು, ಇಂದಿನ ಹ್ಯಾಮ್‌ಗಳು ಹೆಚ್ಚಾಗಿ ಬಳಸುವ ಎಸ್‌.ಎಸ್‌.ಬಿ. ವಿಧಾನದಲ್ಲಿ ಶಕ್ತಿಯ ಉಳಿತಾಯಕ್ಕಾಗಿ ವಾಹಕ ತರಂಗವನ್ನೇ ಕೈಬಿಡುವುದರಿಂದ, ಅಂತಹ ಗ್ರಾಹಕದಲ್ಲಿ ಮಾತು ಬಾತುಕೋಳಿಯ ಕೂಗಿನಂತೆ ಅಸ್ಪಷ್ಟವಾಗಿ ಕೇಳುತ್ತದೆ. ಬಿ.ಎಫ್‌.ಒ. ಎಂಬ ಚಿಕ್ಕ ಆಂದೋಲಕವನ್ನು ಒಳಗೆ ಸೇರಿಸಿದರೆ ಬಿಟ್ಟುಹೋದ ವಾಹಕದ ಸ್ಥಾನ ತುಂಬಿ ಮಾತು ತಿಳಿಯಾಗುತ್ತದೆ. ಇದು ಯೋಗ್ಯವಾದ ಮಾರ್ಪಾಡು. ಆದರೆ ಡಿಜಿಟಲ್ ಡಿಸ್‌ಪ್ಲೇ ಕೂರಿಸಲೆಂದು ಮುಂಭಾಗದ ಫಲಕವನ್ನೇ ಕೊರೆಯುವುದು ಯಂತ್ರಕ್ಕೆ ಮಾಡುವ ಅನ್ಯಾಯ. ಮಾಡಿದ ಬದಲಾವಣೆಯನ್ನು ಮತ್ತೊಬ್ಬರು ತೆಗೆದು ಮೂಲಸ್ಥಿತಿಗೆ ತರುವಂತಿರಬೇಕು. ಹೊಸದಾಗಿ ಕಲಿಯುವವರು ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಎಂಬ ಅಗ್ಗದ ಸೆಟ್ಟಿನಲ್ಲಿ ಮೊದಲು ಕೈ ಪಳಗಿಸಿಕೊಳ್ಳಬಹುದು. ಅದರ ಮೂಲ ವಿನ್ಯಾಸದಲ್ಲಿ ಸುರುಳಿ ಸುತ್ತಲು ನಲ್ಲಿಯ ವಾಷರ್‌ಗಳನ್ನೇ ಬಳಸಲಾಗಿತ್ತು.

ಕಡೂರು ತಾಲ್ಲೂಕಿನ ಸಖರಾಯಪಟ್ಟಣದಂತಹ ಊರಿಗೆ ಈ ಹಳೆಯ ಶಾರ್ಟ್‌ವೇವ್ ಸೆಟ್‌ಗಳು ಚೆನ್ನಾಗಿ ಒಪ್ಪುತ್ತವೆ. ಕೈಯಲ್ಲಿ ಹಿಡಿಯುವ ವಿ.ಎಚ್‌.ಎಫ್‌. ಸೆಟ್ಟಿನ ಅಲೆಗಳು ಬಹುಮಟ್ಟಿಗೆ ನೇರ ರೇಖೆಯಲ್ಲಿ ಸಾಗುವುದರಿಂದ ಬಾಬಾಬುಡನ್ ಗಿರಿಶ್ರೇಣಿ ಅವಕ್ಕೆ ಅಡ್ಡವಾಗುತ್ತದೆ. 40 ಮೀಟರ್ ಬ್ಯಾಂಡಿನ ಅಲೆಗಳಾದರೋ ಮೇಲಿನ ಅಯಾನುಮಂಡಲದಿಂದ ಬಾಗಿ ಮರಳುತ್ತವೆಯಾದ್ದರಿಂದ, ಹಗಲಿನಲ್ಲಿ ಬೆಟ್ಟಗಳಾಚೆಯ ಊರುಗಳನ್ನೂ ಬೆಂಗಳೂರನ್ನೂ ತಲುಪಬಲ್ಲವು. ಇದಕ್ಕೆ ಬೇಕಾದ ಡೈಪೋಲ್ ಆಂಟೆನಾ ಎಂದರೆ ನಡುವಿನಿಂದ ಎರಡೂ ಕಡೆಗೆ ಸುಮಾರು 10 ಮೀಟರ್ ಉದ್ದದ ತಂತಿ. ಎರಡು ತೆಂಗಿನ ಮರಗಳ ನಡುವೆ ಅದನ್ನು ಎಳೆದು ಕಟ್ಟಬಹುದು. ಭರಣಿ, ಕೃತ್ತಿಕೆ ಮಳೆಗಳ ಗುಡುಗು ಸಿಡಿಲಿನ ದಿನಗಳಲ್ಲಿ ಮಾತ್ರ ಮೋಡ ಕಟ್ಟುವ ಮೊದಲೇ ಆ ತಂತಿಯನ್ನು ಸೆಟ್ಟಿನಿಂದ ಕಳಚಿಡಬೇಕು.

ಮನೆಯ ಅಟ್ಟದಲ್ಲಿ ಇಂತಹ ಹಳೆಯ ಸೆಟ್ಟೊಂದು ಸಿಕ್ಕಿದರೆ ದಯವಿಟ್ಟು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ, ಕುತೂಹಲಕ್ಕೆಂದು ಪ್ಲಗ್ಗಿಗೂ ಸಿಕ್ಕಿಸಬೇಡಿ. ಪರವಾನಗಿಯಿಲ್ಲದೆ ಪ್ರೇಷಕವನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವಾದ್ದರಿಂದ, ಪರವಾನಗಿ ಪಡೆದ ಹ್ಯಾಮ್ ಒಬ್ಬರನ್ನೋ ಹತ್ತಿರದ ಹ್ಯಾಮ್ ಕ್ಲಬ್ಬನ್ನೋ ಮೊದಲು ಸಂಪರ್ಕಿಸಿ. ಸೆಟ್ಟಿನ ಜೊತೆಗಿರುವ ಸರ್ಕ್ಯೂಟ್ ನಕ್ಷೆಯ ಹಾಳೆ ಎಷ್ಟೇ ಹರಿದಿರಲಿ, ಅದನ್ನೂ ಅವರ ಕೈಗೆ ತಲುಪಿಸಿ.